ಕೊನೆಗೆ ಮುಟ್ಟಿದ್ದು ಯಾರು

ಆಯುಧಪೂಜೆಯ ಬೆಳಿಗ್ಗೆ ಹೂವು, ಬೂದುಗುಂಬಳಕಾಯಿ ತರಲು ವಿಜಯನಗರದ ಮಾರ್ಕೆಟ್ಟಿಗೆ ಹೊರಟ ನನ್ನ ಸೊಸೆ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

"ಅತ್ತೆ, ಕಂಪ್ಯೂಟರ್‌ಗೆ ಮಾತ್ರ ಏನೂ ಮಾಡ್ಬೇಡಿ. ನಾನು ಬಂದು ಒಂದು ಹೂ ಇಡ್ತೀನಿ, ಅಷ್ಟು ಸಾಕು."

ಆಯ್ತು ಕಣಮ್ಮ ಎಂದೆ. ಅವಳು ಗೇಟು ದಾಟುವ ಹೊತ್ತಿಗೆ ನಾನು ಬಚ್ಚಲಲ್ಲಿ ಒದ್ದೆ ಬಟ್ಟೆ ಹಿಂಡುತ್ತಿದ್ದೆ.

ವಿಜಯದಶಮಿಯ ಮಾರನೇ ದಿನ ಹನ್ನೊಂದು ಗಂಟೆಗೆ ಅವಳು ಆ ಕಂಪ್ಯೂಟರಿನ ಮುಂದೆ ಕೂತು ಒಂದು ಪರೀಕ್ಷೆ ಬರೆಯಬೇಕಿತ್ತು. ಔಷಧಿ ಕಂಪನಿಯೊಂದರ ದಾಖಲೆಗಳನ್ನು ಓದಿ ತಿದ್ದುವ ಕೆಲಸ, ಮನೆಯಲ್ಲೇ ಕೂತು ಮಾಡುವಂಥದ್ದು. ಒಂಬತ್ತು ವರ್ಷದ ಹಿಂದೆ ಇಂಥದ್ದೇ ಒಂದು ಕೆಲಸವನ್ನು ಅವಳು ಬಿಟ್ಟಿದ್ದಳು. ಬಿಟ್ಟಿದ್ದು ನನ್ನ ಯಜಮಾನರಿಗೆ ಲಕ್ವ ಹೊಡೆದಾಗ. ಅವರನ್ನು ಎತ್ತಿ ಕೂರಿಸಲು ನನ್ನ ಕೈಲಿ ಆಗುತ್ತಿರಲಿಲ್ಲ. ಅವಳು ಎತ್ತಿದಳು, ಐದು ವರ್ಷ. ಅವರು ಹೋದ ಮೇಲೆ ಎಷ್ಟೋ ಕಡೆ ಅರ್ಜಿ ಹಾಕಿದಳು. ನಡುವಿನ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿ ಎಲ್ಲರೂ ಸುಮ್ಮನಾಗುತ್ತಿದ್ದರು. ಪರೀಕ್ಷೆಗೆ ಕರೆದದ್ದು ಇದೊಂದೇ ಕಂಪನಿ.

ಪರೀಕ್ಷೆಯ ನಿಯಮಗಳನ್ನು ಅವಳು ನನಗೆ ಓದಿ ಹೇಳಿದ್ದಳು. ರೂಮಿನಲ್ಲಿ ಅವಳೊಬ್ಬಳೇ ಇರಬೇಕು. ಕ್ಯಾಮೆರಾ ನೋಡುತ್ತಿರುತ್ತದೆ. ಫೋನು ಆ ರೂಮಿನಲ್ಲಿ ಇರುವಂತೆಯೇ ಇಲ್ಲ. ಇಂಟರ್ನೆಟ್ಟು ಐದು ನಿಮಿಷಕ್ಕಿಂತ ಹೆಚ್ಚು ಹೋದರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ, ಇನ್ನೊಂದು ಸಲ ಕೊಡುವುದಿಲ್ಲ.

ಇಷ್ಟೆಲ್ಲ ಇರುವ ಕಂಪ್ಯೂಟರಿಗೆ ಬರೀ ಒಂದು ಹೂವು ಇಟ್ಟರೆ ಸಾಕೇ? ನನಗೆ ಸಾಕೆನಿಸಲಿಲ್ಲ.

ಕಂಪ್ಯೂಟರಿನ ಹಿಂಬದಿಯ ವೈರುಗಳನ್ನೆಲ್ಲ ಕಿತ್ತೆ. ವೈರು ಕೀಳುವುದಕ್ಕೆ ನನಗೆ ಭಯವಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಟ್ಟ ಲೈನುಗಳನ್ನು ಪರೀಕ್ಷಿಸುವ ಮೇಜಿನ ಮುಂದೆ ಕೂತು ತಲೆ ಬೆಳ್ಳಗಾದವಳು ನಾನು. ಅದರ ಡಬ್ಬವನ್ನು ಮಣೆಯ ಮೇಲೆ ಬೋರಲು ಮಲಗಿಸಿ, ಬೆನ್ನು ಮೇಲೆ ಮಾಡಿದೆ. ಕೆಲಸ ಮಾಡುವುದೆಲ್ಲ ಅದರ ಬೆನ್ನೇ, ಮುಖದಲ್ಲಿ ಇರುವುದು ಒಂದು ಗುಂಡಿ ಮಾತ್ರ. ಆದ್ದರಿಂದ ಪೂಜೆ ಬೆನ್ನಿಗೇ ಸಲ್ಲಬೇಕು ಎಂದು ತೀರ್ಮಾನಿಸಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಎಳೆದು, ಗಂಧ ಕುಂಕುಮ ಇಟ್ಟು, ಹಿತ್ತಿಲ ಸೇವಂತಿಗೆ ಮುಡಿಸಿ, ಮಂಗಳಾರತಿ ಎತ್ತಿದೆ. ಕೊನೆಗೆ ಅಕ್ಷತೆ. ಅವಳಿಗೆ ಒಳ್ಳೆಯದಾಗಲಿ ಎಂದು ಕೈ ತುಂಬ ತೆಗೆದುಕೊಂಡು ಧಾರಾಳವಾಗಿಯೇ ಹಾಕಿದೆ.

ಆಮೇಲೆ ಎಲ್ಲ ಗುರುತು ಅಳಿಸಿದೆ. ಕುಂಕುಮ ಒರೆಸಿದೆ, ಅಕ್ಷತೆ ಗುಡಿಸಿದೆ, ಡಬ್ಬ ನಿಲ್ಲಿಸಿದೆ. ವೈರುಗಳನ್ನು ಅವುಗಳ ಜಾಗಕ್ಕೆ ಚುಚ್ಚುತ್ತಿರುವಾಗಲೇ ಬೀದಿಯಲ್ಲಿ ಯಾರೋ ತಮ್ಮ ಆಟೋ ಪೂಜೆ ಮುಗಿಸಿ ಹಾರ್ನ್ ಒತ್ತಿ ಹಿಡಿದರು. ಆ ಗದ್ದಲದ ನಡುವೆಯೇ ಗೇಟಿನ ಸದ್ದು ಕೇಳಿತು. ಕೊನೆಯ ವೈರನ್ನು ತಳ್ಳಿ, ಅಡುಗೆಮನೆಗೆ ಓಡಿ, ಕಾಯಿ ತುರಿಯುತ್ತಾ ಕೂತೆ.

ಮಧ್ಯಾಹ್ನ ಊಟವಾದ ಮೇಲೆ ಅವಳು ಕಂಪ್ಯೂಟರ್ ಹಾಕಿದಳು. ಪರದೆ ಕಪ್ಪಗೇ ಇತ್ತು. ಸಿಗ್ನಲ್ ಇಲ್ಲ ಎಂಬ ಒಂದು ಚೌಕ ಅತ್ತಿಂದಿತ್ತ ತೇಲುತ್ತಿತ್ತು. ಕಿವಿ ಕೊಟ್ಟು ಕೇಳಿದೆ. ಒಳಗಿನ ಫ್ಯಾನು ತಿರುಗುತ್ತಿತ್ತು. ಅಂದರೆ ಡಬ್ಬಕ್ಕೆ ಜೀವವಿದೆ, ಅದು ಹೇಳಿದ್ದು ಪರದೆಗೆ ತಲುಪುತ್ತಿಲ್ಲ. ಹಿಂದೆ ಕೈ ಹಾಕಿ ನೋಡಿದರೆ ಪರದೆಯ ದಪ್ಪ ವೈರಿನ ಎರಡು ತಿರುಪು ನಾನೇ ಬಿಗಿಯದೆ ಬಿಟ್ಟಿದ್ದೆ. ಒತ್ತಿ ತಿರುಪಿದೆ. ಚಿತ್ರ ಬಂತು.

ನೀವಿದ್ದರೆ ಅಂಗಡಿಯವರೇ ಬೇಡ ಎಂದು ಸೊಸೆ ನಕ್ಕಳು. ಆಮೇಲೆ ವೈರಿನ ಕಡೆ ನೋಡಿ, ಇದು ತಾನಾಗಿಯೇ ಸಡಿಲ ಆಗುತ್ತದೆಯೇ ಎಂದು ಕೇಳಿದಳು.

"ಇಲಿ ಓಡಾಡಿರ್ಬೇಕು ಕಣೇ" ಎಂದೆ.

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಹೊಗಳಿಸಿಕೊಂಡ ಬಾಯಿಂದ ತಪ್ಪೊಪ್ಪಿಗೆ ಬರಲಿಲ್ಲ. ಅವಳು ಅಟ್ಟದಿಂದ ಇಲಿಬೋನು ಇಳಿಸಿ, ಒಂದು ಚೂರು ಕೊಬ್ಬರಿ ಸುಟ್ಟು ಸಿಕ್ಕಿಸಿ, ಮೇಜಿನ ಕೆಳಗೆ ಇಟ್ಟಳು.

ಪರೀಕ್ಷೆಯವರೇ ಕೊಟ್ಟ ಒಂದು ಪ್ರಯೋಗ ಇತ್ತು. ಕ್ಯಾಮೆರಾ, ಮೈಕು, ಇಂಟರ್ನೆಟ್ಟು ಎಲ್ಲ ಸರಿ ಇದೆಯೇ ಎಂದು ಇಪ್ಪತ್ತು ನಿಮಿಷ ನೋಡುತ್ತದೆ. ಅವಳು ಅದನ್ನು ಶುರುಮಾಡಿದಳು. ಹನ್ನೆರಡನೇ ನಿಮಿಷಕ್ಕೆ ನಿಂತಿತು. ಸಂಪರ್ಕ ಇಲ್ಲ.

ಹಾಲಿನ ಗೋಡೆಯಲ್ಲಿರುವ ಇಂಟರ್ನೆಟ್ ಡಬ್ಬಿಯನ್ನು ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಾಕಿದೆವು. ದೀಪಗಳು ಒಂದೊಂದಾಗಿ ಹಸಿರಾದವು. ಸಂಪರ್ಕ ಬಂತು. ಎಂಟು ನಿಮಿಷಕ್ಕೆ ಮತ್ತೆ ಹೋಯಿತು. ಕಂಪ್ಯೂಟರನ್ನೂ ಆರಿಸಿ ಹಾಕಿದೆವು. ಬಂತು, ಹೋಯಿತು. ಪೂರ್ತಿ ಸತ್ತ ಲೈನಿಗೆ ನಾನು ಯಾವತ್ತೂ ಹೆದರಿದವಳಲ್ಲ, ಅದು ಎಲ್ಲಿ ಸತ್ತಿದೆ ಎಂದು ಹುಡುಕಬಹುದು. ಬಂದು ಹೋಗುವ ಲೈನು ಮಾತ್ರ ಹಾಗಲ್ಲ. ನೋಡುವಾಗ ಚೆನ್ನಾಗಿರುತ್ತದೆ, ತಿರುಗಿ ಕೂತ ತಕ್ಷಣ ಕೈ ಕೊಡುತ್ತದೆ.

ನಮ್ಮ ಮೇಜಿನಲ್ಲಿ ಒಂದು ಪದ್ಧತಿ ಇತ್ತು. ಲೈನನ್ನು ಎರಡು ಭಾಗ ಮಾಡು. ಸರಿ ಇರುವ ಭಾಗವನ್ನು ಬಿಡು. ಉಳಿದದ್ದನ್ನು ಮತ್ತೆ ಎರಡು ಮಾಡು. ನಾನು ನನ್ನ ಫೋನು ಹಿಡಿದು ಅಡುಗೆಮನೆಗೆ ಹೋದೆ. ಅದೂ ಅದೇ ಡಬ್ಬಿಯಿಂದ, ವೈರಿಲ್ಲದೆ, ಇಂಟರ್ನೆಟ್ಟು ಎಳೆದುಕೊಳ್ಳುತ್ತದೆ. ಒಂದು ಭಜನೆ ಹಾಕಿ ಕೂತೆ. ಒಳಗೆ ಕಂಪ್ಯೂಟರಿನ ಸಂಪರ್ಕ ಎರಡು ಸಲ ಹೋಯಿತು, ನನ್ನ ಭಜನೆ ಒಂದು ಸಲವೂ ನಿಲ್ಲಲಿಲ್ಲ.

ಅಂದರೆ ಬೀದಿಯಿಂದ ಡಬ್ಬಿಯವರೆಗೆ ಲೈನು ಸರಿ ಇದೆ. ಉಳಿದದ್ದು ಡಬ್ಬಿಯಿಂದ ಕಂಪ್ಯೂಟರಿಗೆ ಹೋಗುವ ಒಂದು ವೈರು ಮತ್ತು ಅದರ ಎರಡು ತುದಿ. ಒಂದು ತುದಿ ನಾನು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಉಜ್ಜಿದ ಬೆನ್ನಲ್ಲಿತ್ತು.

ನೀರು ಒಳಗೆ ಹೋಗಿದೆ, ಏನೋ ಸುಟ್ಟಿದೆ, ಇನ್ನು ಅದು ಸರಿಹೋಗುವುದಿಲ್ಲ ಎಂದು ಮನಸ್ಸು ನಿಶ್ಚಯಿಸಿಬಿಟ್ಟಿತು. ರೂಮಿಗೆ ಬಂದರೆ ಸೊಸೆ ಕೈ ಕಟ್ಟಿಕೊಂಡು ಪರದೆ ನೋಡುತ್ತಿದ್ದಳು. ಅವಳಿಗೆ ನಾನು ಹೇಳಿದ್ದು ಬೇರೆಯೇ. ಲೈನೇ ಸರಿ ಇಲ್ಲ, ಹಬ್ಬಕ್ಕೆ ಬೀದಿಯವರೆಲ್ಲ ಮನೆಯಲ್ಲಿ ಕೂತು ನೋಡುತ್ತಿರುತ್ತಾರೆ, ಲೈನಿನವರನ್ನು ಕರೆಸೋಣ ಎಂದೆ. ಗೊತ್ತಿದ್ದೂ ಹೇಳಿದೆ. ಅವಳು ನಂಬಿದಳು. ಈ ಮನೆಯಲ್ಲಿ ವೈರಿನ ವಿಷಯಕ್ಕೆ ನನ್ನ ಮಾತೇ ಕೊನೆ.

ಮಗ ಬಸ್ ಡ್ರೈವರ್, ದಸರಾ ಸ್ಪೆಷಲ್ ಡ್ಯೂಟಿ ಮೇಲೆ ಮೈಸೂರಿನ ದಾರಿಯಲ್ಲಿದ್ದ. ಮೊಮ್ಮಗಳು ರಜೆಗೆ ಅಮ್ಮನ ತವರಿಗೆ ಹೋಗಿದ್ದಳು. ಕಂಪ್ಯೂಟರ್ ಅಂಗಡಿಗಳಿಗೆ ಬಾಳೆಕಂದು ಕಟ್ಟಿ ಬಾಗಿಲು ಎಳೆದಿದ್ದರು. ಮನೆಯಲ್ಲಿ ನಾವಿಬ್ಬರೇ.

ಸಂಜೆ ಅವಳು ಸ್ನಾನಕ್ಕೆ ಹೋದಾಗ ಡ್ರಾಯರಿನಲ್ಲಿದ್ದ ಹಳೇ ಇಂಟರ್ನೆಟ್ ವೈರು ಹುಡುಕಿ ಬದಲಾಯಿಸಿದೆ. ಹಿಂದೆ ಒಂದು ಸಣ್ಣ ಹಸಿರು ದೀಪ ಮಿಟುಕಿ ನಿಂತಿತು. ಮುಕ್ಕಾಲು ಗಂಟೆ ಸಂಪರ್ಕ ಇತ್ತು. ನಾನು ದೇವರಿಗೆ ಇನ್ನೊಂದು ದೀಪ ಹಚ್ಚಿದೆ. ಹಚ್ಚಿ ಬರುವಷ್ಟರಲ್ಲಿ ಹೋಗಿತ್ತು.

ವಿಜಯದಶಮಿಯ ಬೆಳಿಗ್ಗೆ ಇನ್ನೂ ಕೆಳಮಟ್ಟಕ್ಕೆ ಇಳಿದೆ. ಅವಳ ಕೂದಲು ಒಣಗಿಸುವ ಮೆಷಿನ್ನು ತಂದು ಡಬ್ಬದ ಬೆನ್ನಿಗೆ ಬಿಸಿಗಾಳಿ ಹಿಡಿದೆ. ಅವಳು ಕಾಫಿ ಹಿಡಿದು ಒಳಗೆ ಬಂದಳು.

"ಏನತ್ತೆ ಇದು?"

"ಧೂಳು ಊದ್ತಾ ಇದೀನಿ."

ಅವಳು ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು. "ಪರೀಕ್ಷೆ ನಂದು ಅತ್ತೆ. ನೀವ್ಯಾಕೆ ಇಷ್ಟು ಹೆದರಿದೀರಾ?"

ಮೆಷಿನ್ನು ಆರಿಸಿ ಕಾಫಿ ಕುಡಿದೆ.

ಮಧ್ಯಾಹ್ನ ಲೈನಿನವರು ಬಂದರು. ಬಾಗಲಕೋಟೆ ಕಡೆಯವರು, ಮೀಸೆ ನರೆತ ಮನುಷ್ಯ, ಹಬ್ಬದ ದಿನವೂ ದೀಪಾಂಜಲಿ ನಗರದಿಂದ ಬೈಕಿನಲ್ಲಿ ಬಂದಿದ್ದರು. ಡಬ್ಬಿಗೆ ಬರುವ ಸಣ್ಣ ಎಳೆಯನ್ನು ಬಿಚ್ಚಿ ತಮ್ಮ ಮೀಟರಿಗೆ ಹಾಕಿ ನೋಡಿದರು. ತಮ್ಮದೇ ಲ್ಯಾಪ್‌ಟಾಪನ್ನು ವೈರಿನಿಂದ ಡಬ್ಬಿಗೆ ಸೇರಿಸಿ ಅರ್ಧ ಗಂಟೆ ಇಟ್ಟರು. ಒಂದು ಸಲವೂ ಕಡಿಯಲಿಲ್ಲ.

"ಲೈನ್ ಬರೋಬ್ಬರಿ ಐತ್ರೀ ಅಮ್ಮಾರ. ಡಬ್ಬಿತನಕ ನಮ್ದು, ಡಬ್ಬಿ ಆಚೀಗೆ ನಿಮ್ದು" ಎಂದರು. ಹೊರಡಲು ಎದ್ದವರು, ಸೊಸೆಯ ಮುಖ ನೋಡಿಯೋ ಏನೋ, ಒಳಗಿನ ರೂಮಿನ ಬಾಗಿಲಲ್ಲಿ ನಿಂತು ಕಂಪ್ಯೂಟರಿನ ಕಡೆ ಕಣ್ಣು ಹಾಯಿಸಿದರು.

"ಕಡೀಕ ಇದನ್ನ ಯಾರ್ ಮುಟ್ಟಿದ್ರೀ?"

ಈ ಪ್ರಶ್ನೆಯನ್ನು ನಾನೇ ಎಷ್ಟು ಸಾವಿರ ಸಲ ಕೇಳಿದ್ದೇನೋ. ಫೋನು ಕೆಟ್ಟಿದೆ ಎಂದವರಿಗೆ ಮೊದಲು ಕೇಳುತ್ತಿದ್ದದ್ದೇ ಅದು. ಯಾರೂ ಮುಟ್ಟಿಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ಹೋಗಿ ನೋಡಿದರೆ ಮನೆಗೆ ಸುಣ್ಣ ಬಳಿಸಿರುತ್ತಿದ್ದರು, ಇಲ್ಲವೇ ವೈರಿನ ಮೇಲೆ ಮೊಳೆ ಹೊಡೆದು ಫೋಟೋ ತೂಗುಹಾಕಿರುತ್ತಿದ್ದರು. ಆ ಸುಳ್ಳಿನಿಂದ ಒಂದು ಗಂಟೆಯ ಕೆಲಸ ಮೂರು ದಿನ ಎಳೆಯುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ನಾವು ಅವರನ್ನು ಆಡಿಕೊಂಡು ನಗುತ್ತಿದ್ದೆವು.

"ಯಾರೂ ಮುಟ್ಟಿಲ್ಲಪ್ಪ" ಎಂದೆ.

ಅವರು ತಲೆಯಾಡಿಸಿದರು. ಯಾರಾದರೂ ಮುಟ್ಟಿದ್ದರೆ ಹಿಂದೆ ಬಗ್ಗಿ ನೋಡುತ್ತಿದ್ದೆ, ಯಾರೂ ಮುಟ್ಟದೆ ಹೀಗಾಗಿದ್ದರೆ ಒಳಗಿನದೇ ಏನೋ ಹೋಗಿದೆ, ಅಂಗಡಿಯವರೇ ಬಿಚ್ಚಬೇಕು ಎಂದು ಹೇಳಿ ಹೊರಟರು. ಅವರ ಬೈಕಿನ ಸದ್ದು ಮಾಗಡಿ ರಸ್ತೆಯ ಕಡೆ ಹೋಗುವವರೆಗೂ ನಾನು ಗೇಟಿನಲ್ಲೇ ನಿಂತಿದ್ದೆ. ಈಗಲಾದರೂ ಕೂಗಿ ಕರೆಯಬೇಕು ಅನ್ನಿಸಿತು. ಕರೆಯಲಿಲ್ಲ. ಒಂಬತ್ತು ವರ್ಷದ ಮೇಲೆ ಅವಳ ಕೈಗೆ ಬಂದದ್ದನ್ನು ನಾನು ಒಂದು ಒದ್ದೆ ಬಟ್ಟೆಯಿಂದ ಒರೆಸಿಹಾಕಿದ್ದೇನೆ ಎಂದು ಯಾವ ಬಾಯಲ್ಲಿ ಹೇಳಲಿ?

ಅಕ್ಕಪಕ್ಕದವರು ಬನ್ನಿ ಕೊಡಲು ಬಂದರು. ಎಲ್ಲರ ಮನೆಯಲ್ಲೂ ನೆಂಟರು ತುಂಬಿದ್ದರು, ಒಂದು ಖಾಲಿ ರೂಮು ಕೇಳುವ ಹಾಗಿರಲಿಲ್ಲ. ಸೊಸೆ ಎಲ್ಲರಿಗೂ ನಗುನಗುತ್ತಲೇ ಕುಂಕುಮ ಕೊಟ್ಟಳು. ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಏಳೂವರೆಗೆ ಪ್ರಯೋಗ ಹಾಕಿದಳು. ಆರು ನಿಮಿಷಕ್ಕೆ ಹೋಯಿತು. ಎಂಟಕ್ಕೆ ಮತ್ತೆ ಹಾಕಿದಳು. ಮೂರು ನಿಮಿಷ. ಅಂಗಡಿಯವರಿಗೆ ಫೋನು ಮಾಡಿದರೆ, ಬಾಗಿಲು ತೆಗೆಯುವುದು ಹನ್ನೊಂದಕ್ಕೆ, ಬಿಚ್ಚಿ ನೋಡಲು ಸಂಜೆಯಾಗುತ್ತದೆ ಎಂದರು.

ಅವಳು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯಲು ಶುರುಮಾಡಿದಳು. ಪಕ್ಕದಲ್ಲಿ ಫೋನು ಇತ್ತು. ಕಂಪನಿಗೆ ಬರೆದ ಕಾಗದ ಅದರಲ್ಲಿ ಅರ್ಧ ಆಗಿತ್ತು. ನನ್ನ ಕಣ್ಣಿಗೆ ಬಿದ್ದ ಸಾಲು ಒಂದೇ: ನಮ್ಮ ಮನೆಯ ಕಂಪ್ಯೂಟರ್ ಕೆಟ್ಟಿರುವುದರಿಂದ ಇಂದು ಹಾಜರಾಗಲು ಸಾಧ್ಯವಾಗುತ್ತಿಲ್ಲ.

"ಕಳಿಸ್ಬೇಡ್ವೇ" ಎಂದೆ.

"ಇನ್ನೇನ್ಮಾಡ್ಲಿ ಅತ್ತೆ? ಮಧ್ಯದಲ್ಲಿ ಹೋಗೋದಕ್ಕಿಂತ ಮೊದಲೇ ಹೇಳೋದು ಮರ್ಯಾದೆ. ಬಿಡಿ, ಇಷ್ಟು ವರ್ಷ ಇರ್ಲಿಲ್ವಾ."

ಆ ಕೊನೆಯ ಮಾತನ್ನು ಅವಳು ನನ್ನನ್ನು ಚುಚ್ಚಲು ಹೇಳಿರಲಿಲ್ಲ. ಹಾಗಾಗಿಯೇ ಅದು ನೇರವಾಗಿ ತಾಗಿತು. ಕೆಟ್ಟ ಲೈನು ಹುಡುಕುವವನಿಗೆ ಮೀಟರಿಗಿಂತ ಮೊದಲು ಬೇಕಾದದ್ದು ನಿಜವಾದ ಮಾತು. ಅದನ್ನು ನಾನು ಎರಡು ದಿನದಿಂದ ಬಚ್ಚಿಟ್ಟುಕೊಂಡಿದ್ದೆ. ಕಂಪ್ಯೂಟರ್ ಸುಟ್ಟಿದ್ದರೂ ಸರಿ, ಅವಳಿಗೆ ಗೊತ್ತಿರಲಿ ಎಂದುಕೊಂಡೆ. ಗೋಡೆ ಹಿಡಿದು ಅವಳ ಎದುರು ಕೂತೆ.

"ಕೊನೆಗೆ ಮುಟ್ಟಿದ್ದು ನಾನು ಕಣೇ."

ಅವಳ ಕೈ ನಿಂತಿತು.

ಮೇಜಿನ ಮುಂದೆ ಕೂತು ವರದಿ ಬರೆಸುವ ಹಾಗೆ ಒಂದೊಂದೇ ಹೇಳಿದೆ. ಇಲಿ ಇಲ್ಲ ಎಂದೆ. ವೈರು ಕಿತ್ತದ್ದು, ಬೋರಲು ಹಾಕಿದ್ದು, ಒದ್ದೆ ಬಟ್ಟೆ, ವಿಭೂತಿ, ಆರತಿ, ಅಕ್ಷತೆ. ನೀರು ಒಳಗೆ ಹೋಗಿ ಸುಟ್ಟಿದೆ, ಅದಕ್ಕೇ ಬಿಸಿಗಾಳಿ ಹಿಡಿದಿದ್ದು ಎಂದೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ.

"ಅಕ್ಷತೆ ಹಾಕಿದಾಗ ಬೆನ್ನು ಮೇಲಿತ್ತಾ?"

"ಮೇಲಿತ್ತು."

"ವೈರ್ ಇರ್ಲಿಲ್ವಾ?"

"ಇರ್ಲಿಲ್ಲ."

ವೈರಿಲ್ಲದ ತೂತುಗಳ ಮೇಲೇ ಅಕ್ಷತೆ ಬಿದ್ದಿದೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹುರುಳಿಕಾಯಿ ಅಲ್ಲೇ ಬಿಟ್ಟು ಎದ್ದೆವು.

ಮೊದಲು ಸ್ವಿಚ್ಚು ಆರಿಸಿ ಕರೆಂಟಿನ ವೈರು ಕಿತ್ತೆವು. ಆಮೇಲೆ ಇಂಟರ್ನೆಟ್ಟಿನ ವೈರು ಎಳೆದೆ. ಅದಕ್ಕೆ ಒಂದು ನಾಲಿಗೆ ಇರುತ್ತದೆ, ಅದನ್ನು ಒತ್ತದೆ ವೈರು ಬರಬಾರದು. ಇದು ಒತ್ತದೆಯೇ ಬಂತು. ವೈರು ಜಾಗಕ್ಕೆ ಕೂತಾಗ ಟಕ್ ಎಂಬ ಸದ್ದು ಬರಬೇಕು. ಆ ಸದ್ದಿನ ಮೇಲೆ ಸಂಬಳ ತಿಂದವಳು ನಾನು. ಮೊದಲ ದಿನ ಆಟೋ ಹಾರ್ನಿನಲ್ಲಿ ಅದು ಕೇಳಿಸಲಿಲ್ಲ. ಹಳೇ ವೈರು ಹಾಕಿದಾಗಲೂ ಕೇಳಿಸಿರಲಿಲ್ಲ, ನನ್ನ ಕಿವಿಗೆ ವಯಸ್ಸಾಗಿದೆ ಎಂದುಕೊಂಡಿದ್ದೆ.

ಅವಳು ಫೋನಿನ ಟಾರ್ಚ್ ಬಿಟ್ಟಳು. ಚೌಕದ ತೂತಿನೊಳಗೆ, ಕೂದಲಿನಷ್ಟು ತೆಳುವಾದ ಎಂಟು ತಂತಿಗಳ ಹಿಂದೆ, ಏನೋ ಹಳದಿ ಕಂಡಿತು. ತುಪ್ಪ ಹಾಕಿ ಕಲೆಸಿದ ಅಕ್ಷತೆ, ಗೋಡೆಗೆ ಅಂಟಿ ಕೂತಿತ್ತು.

ಪಿನ್ನು ಹಾಕಿದರೆ ತಂತಿ ಬಾಗುತ್ತದೆ. ಹಿತ್ತಿಲಿಂದ ತೆಂಗಿನ ಪೊರಕೆಯ ಒಂದು ಕಡ್ಡಿ ಮುರಿದು ತಂದೆ. ತಳ್ಳಿದರೆ ಕಾಳು ಇನ್ನೂ ಒಳಗೆ ಹೋಯಿತು, ಮೀಟಿದರೆ ಬರಲಿಲ್ಲ. ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು. ಈ ತಂತಿಯೊಂದು ಬಾಗಿದರೆ ನಿಜಕ್ಕೂ ಮುಗಿಯಿತು, ಆಗ ಅದು ಪೂಜೆಯ ತಪ್ಪೂ ಅಲ್ಲ, ನನ್ನ ಕೈಯದೇ ತಪ್ಪು.

"ನೀನು ತೆಗಿ" ಎಂದೆ.

"ನನಗೆ ಬರಲ್ಲ ಅತ್ತೆ. ನೀವೇ ತೆಗೀರಿ. ನಾನು ಬೆಳಕು ಹಿಡಿದಿದೀನಿ."

ಅವಳ ಹಣೆಯ ಸ್ಟಿಕ್ಕರ್ ಬೊಟ್ಟು ಆ ಬೆಳಕಿಗೆ ಮಿಂಚಿತು. ಕೇಳದೆಯೇ ಅದನ್ನು ಕಿತ್ತು, ಅಂಟು ಹೊರಗೆ ಬರುವ ಹಾಗೆ ಕಡ್ಡಿಯ ತುದಿಗೆ ಸುತ್ತಿದೆ. ಉಸಿರು ಹಿಡಿದು, ತಂತಿಗಳ ಕೆಳಗಿಂದ ನಿಧಾನವಾಗಿ ಒಳಗೆ ಬಿಟ್ಟು, ಕಾಳಿನ ಮೇಲೆ ಒತ್ತಿ ಹತ್ತು ಎಣಿಸಿ ಎಳೆದೆ. ಒಂದು ಕಾಳು ಬಂತು. ಅದರ ಹಿಂದೆ ಇನ್ನೊಂದಿತ್ತು. ಅವಳು ಕನ್ನಡಿಯ ಹತ್ತಿರದಿಂದ ಹೊಸ ಬೊಟ್ಟು ತಂದಳು. ಎರಡನೆಯದು ಬಂತು. ಮೂರನೆಯದು ಮುರಿದು ಎರಡು ಚೂರಾಗಿ ಬಂತು. ತಂತಿಗಳನ್ನು ಎಣಿಸಿದೆವು. ಎಂಟೂ ನೆಟ್ಟಗಿದ್ದವು.

ವೈರು ತಳ್ಳಿದೆ. ಟಕ್ ಎಂದಿತು. ನನ್ನ ಕಿವಿಗೆ ಏನೂ ಆಗಿರಲಿಲ್ಲ.

ಪ್ರಯೋಗವನ್ನು ಎರಡು ಸಲ ಪೂರ್ತಿ ಓಡಿಸಿದೆವು. ಒಂದು ಸಲವೂ ನಿಲ್ಲಲಿಲ್ಲ. ಆದರೂ ನನ್ನ ಭಯ ಇಳಿಯಲಿಲ್ಲ. ಬಂದು ಹೋಗುವ ಲೈನು ಸರಿಯಾಯಿತು ಎಂದು ನಲವತ್ತು ನಿಮಿಷಕ್ಕೆ ಹೇಳುವ ಹಾಗಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅವಳು ಸೀರೆ ಉಟ್ಟು ಬಂದು ನನ್ನ ಕಾಲಿಗೆ ಬಗ್ಗಿದಳು. ಅಭ್ಯಾಸಬಲದಿಂದ ನನ್ನ ಕೈ ದೇವರ ಮುಂದಿನ ಅಕ್ಷತೆ ಬಟ್ಟಲಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

"ಹಾಕಿ ಅತ್ತೆ" ಎಂದಳು ಬಗ್ಗಿಕೊಂಡೇ. "ತಲೆ ಮೇಲೆ ಮಾತ್ರ."

ನಾಲ್ಕೇ ಕಾಳು ಹಾಕಿದೆ, ಎಣಿಸಿ. ಅವಳು ಎದ್ದು, ಸೆರಗು ಕೊಡವಿ, ತಲೆ ತಡವಿ, ಎಲ್ಲ ಕೆಳಗೆ ಬಿತ್ತೇ ಎಂದು ನನ್ನಿಂದ ನೋಡಿಸಿಕೊಂಡು, ತನ್ನ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡು ಗಂಟೆ ನಾನು ಹಾಲಿನಲ್ಲಿ, ಇಂಟರ್ನೆಟ್ ಡಬ್ಬಿಯ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದೆ. ಕಾಲಿಂಗ್ ಬೆಲ್ಲಿನ ಸೆಲ್ಲು ತೆಗೆದಿಟ್ಟಿದ್ದೆ. ಸೊಪ್ಪಿನವಳು ಬಂದಾಗ ಕಿಟಕಿಯಿಂದಲೇ ಕೈ ಮುಗಿದು ಕಳಿಸಿದೆ. ಕಂಪ್ಯೂಟರಿನ ವೈರು ಸೇರುವ ಜಾಗದ ಪುಟ್ಟ ಹಸಿರು ದೀಪ ಮಿಟುಕುತ್ತಿತ್ತು. ಅದು ಮಿಟುಕಿದರೆ ಒಳಗೆ ಕೆಲಸ ನಡೆಯುತ್ತಿದೆ ಎಂದರ್ಥ. ಒಂದು ಮಿಟುಕಿಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ ತಡವಾದರೆ ನಾನು ಕುರ್ಚಿಯ ತುದಿಗೆ ಬರುತ್ತಿದ್ದೆ. ಆ ಕೆಲಸ ಅವಳಿಗೆ ಸಿಕ್ಕಿತು ಎಂದು ತಿಳಿದದ್ದು ಮೂರು ವಾರದ ಮೇಲೆ. ಆಗ ನನಗೆ ಗೊತ್ತಿದ್ದದ್ದು ಆ ದೀಪ ಮಾತ್ರ. ರೆಪ್ಪೆ ಹೊಡೆಯಲೂ ಹೆದರಿ ಕೂತಿದ್ದೆ.

ಒಂದು ಗಂಟೆ ಐದು ನಿಮಿಷಕ್ಕೆ ಬಾಗಿಲು ತೆರೆಯಿತು. ಅವಳ ಮುಖ ಬೆವರಿತ್ತು, ಹಣೆಯಲ್ಲಿ ಬೊಟ್ಟಿರಲಿಲ್ಲ.

"ಒಂದ್ಸಲಾನೂ ಹೋಗ್ಲಿಲ್ಲ ಅತ್ತೆ."

ಅವಳು ಅಡುಗೆಮನೆಗೆ ಹೋಗಿ ನೀರು ಕುಡಿದು, ಅರ್ಧಕ್ಕೆ ಬಿಟ್ಟ ಹುರುಳಿಕಾಯಿ ಮುಂದೆ ಕೂತು, ಅಲ್ಲಿಂದಲೇ ಕೇಳಿದಳು.

"ಆ ಬೋನು ತೆಗೆದುಬಿಡ್ಲಾ ಅತ್ತೆ? ಇಲ್ಲಾ ಇಲಿ ಇನ್ನೂ ಇದ್ಯಾ?"

ನಾನೇ ತೆಗೀತೀನಿ ಎಂದೆ. ಮೇಜಿನ ಕೆಳಗೆ ಬಗ್ಗಿ ಬೋನು ಎಳೆದುಕೊಂಡೆ. ಸುಟ್ಟ ಕೊಬ್ಬರಿ ಚೂರು ಎರಡು ದಿನದಿಂದ ಹಾಗೇ ಸಿಕ್ಕಿಕೊಂಡಿತ್ತು. ನಿನ್ನೆ ಬೆಳಗಿನಿಂದ ನನ್ನ ಹೊಟ್ಟೆಗೆ ಸರಿಯಾಗಿ ಏನೂ ಹೋಗಿರಲಿಲ್ಲ. ಕೊಬ್ಬರಿಯನ್ನು ಬಿಡಿಸಿಕೊಂಡು, ಸೆರಗಿಗೆ ಒರೆಸಿ, ಅಲ್ಲೇ ನೆಲದ ಮೇಲೆ ಕೂತು ತಿಂದೆ.